ಮೂರನೆಯ ದಿನದ ವೆನ್‌ಫ್ಲಾನ್: ವಾರ್ಡ್‌ನ ಸಂದೇಹಕ್ಕೆ ಪುರಾವೆ ಹುಡುಕುವ ಕ್ರಮ

ಮಂಗಳೂರಿನ ಒಂದು ಆಸ್ಪತ್ರೆಯ ಮೆಡಿಕಲ್ ವಾರ್ಡ್‌ಗೆ ಸೇರಿದ ಮೊದಲ ವಾರವೇ ನನಗೆ ಕಲಿಸಿದ ನಿಯಮವೆಂದರೆ, ರೋಗಿಯ ಕೈಗೆ ಹಾಕಿದ ವೆನ್‌ಫ್ಲಾನನ್ನು (ಡ್ರಿಪ್ ಕೊಡಲು ರಕ್ತನಾಳದೊಳಗೆ ಇಡುವ ಸಣ್ಣ ಕೊಳವೆ, ಅಂದರೆ ಕ್ಯಾನುಲಾ) ಮೂರನೆಯ ದಿನ ತೆಗೆದು ಬೇರೆ ಜಾಗಕ್ಕೆ ಹಾಕಬೇಕು ಎಂಬುದು. ಆಟಿ ತಿಂಗಳ ಜಡಿಮಳೆಯ ಒಂದು ಬೆಳಿಗ್ಗೆ, ಜ್ವರಕ್ಕೆ ದಾಖಲಾಗಿದ್ದ ಬಂಟ್ವಾಳ ಕಡೆಯ ಅಜ್ಜಿಯೊಬ್ಬರ ಎಡಗೈಯಿಂದ ಕ್ಯಾನುಲಾ ತೆಗೆಯಲು ಹೋದಾಗ ಅವರು ಕೈ ಹಿಂದಕ್ಕೆ ಎಳೆದುಕೊಂಡು, “ಸರಿ ಹೋಗ್ತಾ ಉಂಟಲ್ಲ ಮಗಾ, ಮತ್ತೆ ಯಾಕೆ ಚುಚ್ಚುವುದು?” ಎಂದು ಕೇಳಿದರು. ಕೆಂಪಾಗಿರಲಿಲ್ಲ, ಊದಿರಲಿಲ್ಲ, ಡ್ರಿಪ್ ಸರಾಗವಾಗಿ ಇಳಿಯುತ್ತಿತ್ತು. “ರೂಲ್ಸ್ ಹಾಗೆ ಉಂಟು ಅಮ್ಮ” ಎನ್ನುವುದನ್ನು ಬಿಟ್ಟರೆ ನನ್ನ ಬಳಿ ಉತ್ತರವಿರಲಿಲ್ಲ. ಬಲಗೈಯಲ್ಲಿ ನರ (ವಾರ್ಡ್‌ನಲ್ಲಿ ನಾವು ರಕ್ತನಾಳವನ್ನು ಹಾಗೆನ್ನುತ್ತೇವೆ) ಸಿಗಲು ಮೂರು ಸಲ ಚುಚ್ಚಬೇಕಾಯಿತು.

ಅಂಥ ಪ್ರಶ್ನೆಯೊಂದನ್ನು ಹಿಡಿದು ಪುರಾವೆಯವರೆಗೆ ಹೋಗಿ ಮರಳಿ ಅದೇ ಮಂಚದ ಬಳಿಗೆ ಬರುವುದು ಹೇಗೆ ಎಂಬುದನ್ನು ನರ್ಸಿಂಗ್ ವಿದ್ಯಾರ್ಥಿಗಳಿಗೆ ಮತ್ತು ಹೊಸದಾಗಿ ಡ್ಯೂಟಿಗೆ ಸೇರಿದವರಿಗೆ ಹಂತಹಂತವಾಗಿ ತಿಳಿಸುವುದು ಈ ಲೇಖನದ ಉದ್ದೇಶ. ಪುರಾವೆ ಆಧಾರಿತ ಚಿಕಿತ್ಸೆ ಎಂಬ ಹೆಸರನ್ನು ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ಗಾರ್ಡನ್ ಗಯಾಟ್ 1991ರಲ್ಲಿ ಬಳಕೆಗೆ ತಂದರು. 1996ರಲ್ಲಿ ಡೇವಿಡ್ ಸ್ಯಾಕೆಟ್ ಮತ್ತು ಸಂಗಡಿಗರು ಕೊಟ್ಟ ವಿವರಣೆಯಲ್ಲಿ ಸಂಶೋಧನೆಯ ಪುರಾವೆಯ ಜೊತೆಗೆ ಚಿಕಿತ್ಸೆ ಮಾಡುವವರ ಅನುಭವವೂ ರೋಗಿಯ ಇಷ್ಟಾನಿಷ್ಟವೂ ಇವೆ. ಪ್ರಬಂಧದಲ್ಲಿ ಹೀಗೆಂದಿದೆ ಎಂದು ಹೇಳಿ ರೋಗಿಯ ಮಾತನ್ನು ಅಲ್ಲಿಗೇ ತಡೆಯುವವರು ಆ ವಿವರಣೆಯ ಅರ್ಧವನ್ನಷ್ಟೇ ಓದಿದ್ದಾರೆ.

ಮೊದಲ ಹಂತ: ಸಂದೇಹವನ್ನು ಪ್ರಶ್ನೆಯಾಗಿ ಬರೆಯುವುದು

“ವೆನ್‌ಫ್ಲಾನ್ ಯಾವಾಗ ಬದಲಿಸಬೇಕು?” ಎಂಬುದು ಸಂದೇಹ ಮಾತ್ರ. ಅದು ಹುಡುಕಬಹುದಾದ ಪ್ರಶ್ನೆಯಾಗಬೇಕಾದರೆ ಅದರೊಳಗೆ ನಾಲ್ಕು ಅಂಶಗಳಿರಬೇಕು: ಯಾವ ರೋಗಿಗಳಿಗೆ, ಏನು ಮಾಡಿದರೆ, ಯಾವುದಕ್ಕೆ ಹೋಲಿಸಿದರೆ, ಯಾವ ಫಲ. ತರಗತಿಗಳಲ್ಲಿ ಇದನ್ನೇ ಪೈಕೋ ಎನ್ನುತ್ತಾರೆ. ನಮ್ಮ ಪ್ರಶ್ನೆ ಹೀಗಾಗುತ್ತದೆ: ನಾಲ್ಕು ದಿನಕ್ಕಿಂತ ಹೆಚ್ಚು ಕಾಲ ಡ್ರಿಪ್ ಬೇಕಾಗುವ ವಯಸ್ಕ ರೋಗಿಗಳಲ್ಲಿ, ತೊಂದರೆಯ ಲಕ್ಷಣ ಕಂಡಾಗ ಮಾತ್ರ ಕ್ಯಾನುಲಾ ಬದಲಿಸಿದರೆ, ಮೂರನೆಯ ದಿನ ಕಡ್ಡಾಯವಾಗಿ ಬದಲಿಸುವುದಕ್ಕೆ ಹೋಲಿಸಿದಾಗ, ನರದ ಉರಿಯೂತ ಹೆಚ್ಚಾಗುತ್ತದೆಯೇ?

ಈ ನಾಲ್ಕರಲ್ಲಿ ಎಲ್ಲರೂ ಅವಸರದಿಂದ ದಾಟಿಬಿಡುವುದು ಕೊನೆಯದನ್ನು. ಫಲ ಎಂದರೆ ಯಾವುದು? ವಾರ್ಡ್‌ನಲ್ಲಿ ನಾವು ಫ್ಲೆಬೈಟಿಸ್ ಎಂದು ಕರೆಯುವ ನರದ ಉರಿಯೂತವೇ? ರಕ್ತಕ್ಕೆ ಸೋಂಕು ಹರಡುವುದೇ? ಅಜ್ಜಿಯ ಲೆಕ್ಕದಲ್ಲಿ ಮುಖ್ಯವಾದದ್ದು ಚುಚ್ಚಿಸಿಕೊಂಡ ಸಲಗಳ ಸಂಖ್ಯೆ. ಮೂರನ್ನೂ ಹುಡುಕಾಟಕ್ಕೆ ಮೊದಲೇ ಬರೆದಿಟ್ಟುಕೊಳ್ಳಬೇಕು. ಸಿಕ್ಕಿದ ಪ್ರಬಂಧ ಯಾವ ಫಲವನ್ನು ಅಳೆದಿದೆಯೋ ಅದೇ ನಮಗೂ ಮುಖ್ಯವಾಗಿತ್ತು ಎಂದು ಅನಂತರ ನಂಬಿಕೊಳ್ಳುವುದು ಬಹಳ ಸುಲಭ.

ಇಲ್ಲಿ ಒಂದು ಅಸಮಾಧಾನವನ್ನು ಹೇಳಿಕೊಳ್ಳದೆ ಇರಲಾರೆ. ಮಂಗಳೂರಿನಿಂದ ಮಣಿಪಾಲದವರೆಗೆ ನರ್ಸಿಂಗ್ ಕಾಲೇಜುಗಳಿಗೆ ಕೊರತೆಯಿಲ್ಲ. ಆದರೆ ಗ್ರಂಥಾಲಯದ ಕಪಾಟಿನಲ್ಲಿ ಸಾಲಾಗಿ ನಿಂತ ಎಂಎಸ್ಸಿ ಪ್ರಬಂಧಗಳ ಬೆನ್ನು ಓದುತ್ತಾ ಹೋದರೆ ಒಂದೇ ವಾಕ್ಯ ವೇಷ ಬದಲಿಸಿ ಬಂದಂತೆ ಕಾಣುತ್ತದೆ: ಇಂಥ ವಿಷಯದ ಬಗ್ಗೆ, ಇಂಥವರ ಜ್ಞಾನದ ಮೇಲೆ, ಯೋಜಿತ ಬೋಧನಾ ಕಾರ್ಯಕ್ರಮದ ಪರಿಣಾಮ. ಮೊದಲು ಒಂದು ಪ್ರಶ್ನಾವಳಿ, ಆಮೇಲೆ ಒಂದು ಪಾಠ, ವಾರ ಕಳೆದು ಅದೇ ಪ್ರಶ್ನಾವಳಿ. ಅಂಕ ಏರಿತು, ಪರಿಣಾಮ ಸಾಬೀತಾಯಿತು. ಪಾಠ ಕೇಳಿದವರಿಗೆ ಅದೇ ಪ್ರಶ್ನೆ ಮತ್ತೆ ಕೇಳಿದರೆ ಅಂಕ ಏರದಿದ್ದರೆ ಅಲ್ಲವೇ ಆಶ್ಚರ್ಯ? ಕೈ ತೊಳೆಯುವ ಬಗ್ಗೆ ಅಂಕ ಏರಿದ ಮೇಲೆ ಕೈ ತೊಳೆಯುವುದು ಹೆಚ್ಚಿತೇ ಎಂದು ಸಿಂಕಿನ ಬಳಿ ನಿಂತು ನೋಡಿದವರು ವಿರಳ. ಪ್ರಬಂಧದ ವಿಷಯ ಹುಡುಕುತ್ತಿರುವವರು ಹಳೆಯ ಪ್ರಬಂಧಗಳ ಪಟ್ಟಿಯನ್ನು ಬದಿಗಿಟ್ಟು, ತಮ್ಮ ವಾರ್ಡ್‌ನಲ್ಲಿ ಕಾರಣ ತಿಳಿಯದೆ ಮಾಡುತ್ತಿರುವ ಹತ್ತು ಕೆಲಸಗಳನ್ನು ಬರೆಯಲಿ. ವಿಷಯ ಅಲ್ಲಿಯೇ ಸಿಗುತ್ತದೆ.

ಎರಡನೆಯ ಹಂತ: ಹುಡುಕುವುದು

ಮೇಲಿನಿಂದ ಕೆಳಗೆ ಇಳಿಯುತ್ತಾ ಹುಡುಕಬೇಕು. ಮೊದಲು ವಿಶ್ವಾಸಾರ್ಹ ಸಂಸ್ಥೆಗಳ ಮಾರ್ಗಸೂಚಿ, ಬಳಿಕ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿದ ವ್ಯವಸ್ಥಿತ ವಿಮರ್ಶೆ, ಅವು ಸಾಲದಿದ್ದರೆ ಬಿಡಿ ಪ್ರಯೋಗಗಳು. ಬ್ರಿಟನ್ನಿನ ವೈದ್ಯ ಆರ್ಚಿ ಕಾಕ್ರೇನ್ ಅವರ ಹೆಸರಿನಲ್ಲಿ 1993ರಲ್ಲಿ ಆರಂಭವಾದ ಕಾಕ್ರೇನ್ ಸಂಸ್ಥೆಯ ವಿಮರ್ಶೆಗಳ ಸರಳ ಸಾರಾಂಶವನ್ನು ಯಾರಾದರೂ ಓದಬಹುದು. ವೈದ್ಯಕೀಯ ಪ್ರಬಂಧಗಳನ್ನು ಹುಡುಕುವ ಜಾಲತಾಣವಾದ ಪಬ್‌ಮೆಡ್‌ನಲ್ಲಿ ಸಾರಾಂಶ ಉಚಿತ. ಪೂರ್ತಿ ಪ್ರಬಂಧ ಬೇಕಾದರೆ ಕಾಲೇಜಿನ ಗ್ರಂಥಪಾಲಕರನ್ನು ಕೇಳುವುದು ಒಳ್ಳೆಯದು. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳಿಗೆ ಹೆಲಿನೆಟ್ ಎಂಬ ಆನ್‌ಲೈನ್ ಗ್ರಂಥಾಲಯವಿದೆ. ಹೆಚ್ಚಿನ ವಿದ್ಯಾರ್ಥಿಗಳು ಅದರ ಪಾಸ್‌ವರ್ಡನ್ನು ಮೊದಲ ವರ್ಷ ಪಡೆದು ಎರಡನೆಯ ವರ್ಷ ಮರೆತಿರುತ್ತಾರೆ.

ಪ್ರಶ್ನೆಯ ನಾಲ್ಕು ಅಂಶಗಳಲ್ಲಿ ಎರಡನ್ನು ಮಾತ್ರ ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ ಆರಂಭಿಸಬೇಕು, ನಾಲ್ಕನ್ನೂ ಒಮ್ಮೆಗೇ ತುರುಕಿದರೆ ಏನೂ ಸಿಗುವುದಿಲ್ಲ. ಒಂದೇ ಅರ್ಥದ ಪದಗಳನ್ನು ‘ಆರ್’ ಹಾಕಿ ಜೋಡಿಸಿ, ಬೇರೆ ಬೇರೆ ಅಂಶಗಳ ನಡುವೆ ‘ಆ್ಯಂಡ್’ ಹಾಕಬೇಕು. ವೆನ್‌ಫ್ಲಾನ್ ಎಂಬುದು ಒಂದು ಬ್ರ್ಯಾಂಡ್‌ನ ಹೆಸರು; ಜೆರಾಕ್ಸ್‌ನಂತೆ ನಮ್ಮ ವಾರ್ಡ್‌ಗಳಲ್ಲಿ ವಸ್ತುವಿನ ಹೆಸರೇ ಆಗಿಹೋಗಿದೆಯಾದರೂ ಪ್ರಬಂಧಗಳಲ್ಲಿ ಅದನ್ನು ಪೆರಿಫೆರಲ್ ಕ್ಯಾಥೆಟರ್ ಎಂದೇ ಬರೆದಿರುತ್ತಾರೆ. ಹುಡುಕಿದ ದಿನಾಂಕ, ಬಳಸಿದ ಪದಗಳು, ಸಿಕ್ಕಿದ ಸಂಖ್ಯೆ ಇವನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಬೇಕು.

ಮೂರನೆಯ ಹಂತ: ಅನುಮಾನದಿಂದ ಓದುವುದು

ನಮ್ಮ ಪ್ರಶ್ನೆಗೆ ನೇರವಾಗಿ ಸಿಗುವ ದೊಡ್ಡ ಪ್ರಯೋಗ 2012ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ 3 ಆಸ್ಪತ್ರೆಗಳಲ್ಲಿ, ಕ್ಲೇರ್ ರಿಕಾರ್ಡ್ ಎಂಬ ನರ್ಸಿಂಗ್ ಪ್ರಾಧ್ಯಾಪಕಿಯ ನೇತೃತ್ವದಲ್ಲಿ 3,283 ವಯಸ್ಕ ರೋಗಿಗಳ ಮೇಲೆ ನಡೆದ ಅಧ್ಯಯನ ಅದು. ದಾದಿಯರು ಕೇಳಬೇಕಾದ ಪ್ರಶ್ನೆಯನ್ನು ದಾದಿಯೇ ಕೇಳಿದ್ದಾರೆ ಎಂಬ ಕಾರಣಕ್ಕೂ ನಾನದನ್ನು ತರಗತಿಯಲ್ಲಿ ಓದಿಸುತ್ತೇನೆ.

ಓದುವಾಗ ಸಾರಾಂಶದ ಕೊನೆಯ ಸಾಲಿಗೆ ಹಾರದೆ ವಿಧಾನದ ಭಾಗದಿಂದ ಆರಂಭಿಸಬೇಕು. ಯಾವ ರೋಗಿ ಯಾವ ಗುಂಪಿಗೆ ಎಂಬುದು ಚೀಟಿ ಎತ್ತಿದಂತೆ, ಯಾರ ಇಚ್ಛೆಗೂ ಸಿಗದಂತೆ ನಿರ್ಧಾರವಾಯಿತೇ ಎಂಬುದು ಮೊದಲು ನೋಡಬೇಕಾದದ್ದು. ಅದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಪ್ರಶ್ನೆಯಿದೆ: ರೋಗಿಯನ್ನು ಅಧ್ಯಯನಕ್ಕೆ ಸೇರಿಸುವವರಿಗೆ ಮುಂದಿನ ಚೀಟಿಯಲ್ಲಿ ಏನಿದೆಯೆಂದು ಮೊದಲೇ ತಿಳಿಯುವಂತಿತ್ತೇ? ಕವರನ್ನು ಟ್ಯೂಬ್‌ಲೈಟ್‌ಗೆ ಹಿಡಿದರೆ ಒಳಗಿನ ಅಕ್ಷರ ಕಾಣುವಂತಿದ್ದರೆ, ನರ ಸಿಗದ ಅಜ್ಜಿಯಂಥವರನ್ನು ಕರುಣೆಯಿಂದಲೇ ‘ಬದಲಿಸದ’ ಗುಂಪಿಗೆ ದೂಡುವವರು ಇದ್ದೇ ಇರುತ್ತಾರೆ, ಹಾಗಾದ ಕ್ಷಣದಿಂದ ಎರಡು ಗುಂಪುಗಳು ಸಮವಾಗಿ ಉಳಿಯುವುದಿಲ್ಲ. ಆಮೇಲೆ, ಸೇರಿದವರೆಲ್ಲರ ಲೆಕ್ಕ ಕೊನೆಯವರೆಗೆ ಸಿಗುತ್ತದೆಯೇ ಎಂದು ನೋಡಬೇಕು. ಕ್ಯಾನುಲಾ ಬದಲಾದದ್ದು ಎಲ್ಲರಿಗೂ ಕಾಣುವ ಸಂಗತಿಯಾದ್ದರಿಂದ ಇಲ್ಲಿ ಗುಂಪನ್ನು ಮುಚ್ಚಿಡುವುದು ಕಷ್ಟ. ಹಾಗಿರುವಾಗ ಉರಿಯೂತವನ್ನು ಯಾರು, ಯಾವ ಅಳತೆಗೋಲಿನಿಂದ ಗುರುತಿಸಿದರು ಎಂಬುದಕ್ಕೆ ಹೆಚ್ಚು ತೂಕ ಬರುತ್ತದೆ.

ಈಗ ಫಲಿತಾಂಶಕ್ಕೆ ಬರೋಣ. ಲಕ್ಷಣ ಕಂಡಾಗ ಮಾತ್ರ ಬದಲಿಸಿದ 1,593 ಜನರಲ್ಲಿ 114 ಮಂದಿಗೆ ಉರಿಯೂತ. ಮೂರನೆಯ ದಿನ ತಪ್ಪದೆ ಬದಲಿಸಿದ 1,690 ಜನರಲ್ಲಿಯೂ 114 ಮಂದಿಗೆ. ಎರಡೂ ಕಡೆ ಸುಮಾರು ಶೇ 7. ವ್ಯತ್ಯಾಸ ಶೇ 0.41 ಮಾತ್ರ, ಮತ್ತು ಅದರ ಶೇ 95 ವಿಶ್ವಾಸಾಂತರ (ನಿಜವಾದ ವ್ಯತ್ಯಾಸ ಇರಬಹುದಾದ ವ್ಯಾಪ್ತಿ) ಒಂದು ಕಡೆ ಶೇ 1.33ರಷ್ಟು ಕಡಿಮೆಯಿಂದ ಇನ್ನೊಂದು ಕಡೆ ಶೇ 2.15ರಷ್ಟು ಹೆಚ್ಚಿನವರೆಗೆ. ಶೇ 3ರೊಳಗಿನ ವ್ಯತ್ಯಾಸವನ್ನು ಸಮಾನವೆಂದೇ ಪರಿಗಣಿಸುವುದಾಗಿ ಸಂಶೋಧಕರು ಮೊದಲೇ ಗೆರೆ ಎಳೆದಿದ್ದರು. ಫಲಿತಾಂಶ ಆ ಗೆರೆಯೊಳಗೇ ನಿಂತಿತು. ಅಂದರೆ ಅಜ್ಜಿಯ ಪ್ರಶ್ನೆಯಲ್ಲಿ ಹುರುಳಿತ್ತು.

ಇಲ್ಲಿಗೆ ನಿಲ್ಲಿಸಿ, ಮರುದಿನವೇ ವಾರ್ಡ್‌ನ ನಿಯಮ ಬದಲಿಸಿಬಿಡಬೇಕೆಂದು ಅನ್ನಿಸುವುದು ಸಹಜ. ಆದರೆ ನಾವು ಮೊದಲೇ ಬರೆದಿಟ್ಟ ಎರಡನೆಯ ಫಲ, ರಕ್ತದ ಸೋಂಕು, ಇನ್ನೂ ಉಳಿದಿದೆ. ಸ್ವಿಟ್ಜರ್ಲೆಂಡಿನ ಜಿನೀವಾ ವಿಶ್ವವಿದ್ಯಾಲಯದ ಆಸ್ಪತ್ರೆಗಳು 2018ರಲ್ಲಿ ಕಡ್ಡಾಯ ಬದಲಾವಣೆಯನ್ನು ಬಿಟ್ಟು ಲಕ್ಷಣ ನೋಡಿ ಬದಲಿಸುವ ಕ್ರಮಕ್ಕೆ ಹೋದವು. ಅಲ್ಲಿನ ನಾಲ್ಕು ಲಕ್ಷಕ್ಕೂ ಹೆಚ್ಚು ಕ್ಯಾನುಲಾಗಳ ಲೆಕ್ಕ 2021ರಲ್ಲಿ ಪ್ರಕಟವಾಯಿತು. ಹಳೆಯ ಕ್ರಮದಲ್ಲಿ 2,41,432 ಕ್ಯಾನುಲಾಗಳಿಗೆ 11 ರಕ್ತದ ಸೋಂಕು. ಹೊಸ ಕ್ರಮದಲ್ಲಿ 1,30,779ಕ್ಕೆ 46. ಭಾಗಿಸಿ ನೋಡಿದರೆ, ಸುಮಾರು 22 ಸಾವಿರಕ್ಕೆ ಒಂದು ಇದ್ದದ್ದು ಸುಮಾರು 2,800ಕ್ಕೆ ಒಂದು ಆಯಿತು. ಆಸ್ಪತ್ರೆಯವರು ಹಳೆಯ ಕ್ರಮಕ್ಕೇ ಮರಳಿದರು, ಸೋಂಕೂ ಇಳಿಯಿತು.

ಹಾಗಾದರೆ ಆಸ್ಟ್ರೇಲಿಯಾದ ಪ್ರಯೋಗ ಸುಳ್ಳೇ? ಅಲ್ಲ. ಕೆಲವು ಸಾವಿರಕ್ಕೊಮ್ಮೆ ಘಟಿಸುವ ಅವಘಡ ಹೆಚ್ಚಿತೇ ಎಂಬುದನ್ನು 3,283 ಜನರ ಅಧ್ಯಯನದಿಂದ ಹೇಳುವುದು ಬಹಳ ಕಷ್ಟ. ಚಿಕ್ಕ ಬಲೆಯನ್ನು ಒಮ್ಮೆ ಬೀಸಿ, ಈ ಕಡಲಿನಲ್ಲಿ ತಿಮಿಂಗಿಲವಿಲ್ಲ ಎಂದಂತೆ ಆಗುತ್ತದೆ. ಜಿನೀವಾದ ಲೆಕ್ಕಕ್ಕೆ ಅದರದೇ ದೌರ್ಬಲ್ಯವಿದೆ: ಅದು ಮೊದಲು ಮತ್ತು ಆಮೇಲಿನ ಹೋಲಿಕೆ, ಚೀಟಿ ಎತ್ತಿ ಹಂಚಿದ್ದಲ್ಲ, ಆ ಅವಧಿಯಲ್ಲಿ ಬೇರೇನಾದರೂ ಬದಲಾಗಿರಲೂಬಹುದು. ಆದರೂ ನಿಯಮ ಹಿಂದಕ್ಕೆ ಹೋದಾಗ ಸೋಂಕೂ ಹಿಂದಕ್ಕೆ ಹೋದದ್ದರಿಂದ ಅನುಮಾನ ಗಟ್ಟಿಯಾಗುತ್ತದೆ. ಪದೇಪದೇ ಆಗುವ ಫಲಕ್ಕೆ ಚೀಟಿ ಎತ್ತಿ ಹಂಚುವ ಯಾದೃಚ್ಛಿಕ ಪ್ರಯೋಗ, ಅಪರೂಪದ ಹಾನಿಗೆ ದೊಡ್ಡ ವೀಕ್ಷಣಾ ಅಧ್ಯಯನ ಎಂಬುದು ನೆನಪಿದ್ದರೆ, ಪ್ರಯೋಗವನ್ನು ಯಾವಾಗಲೂ ವೀಕ್ಷಣೆಯ ಮೇಲೆ ಕೂರಿಸುವ ಪಠ್ಯಪುಸ್ತಕದ ಪುರಾವೆ ಪಿರಮಿಡ್ಡನ್ನು ಕಣ್ಣುಮುಚ್ಚಿ ಪೂಜಿಸುವ ಅಗತ್ಯವಿರುವುದಿಲ್ಲ.

ನಾಲ್ಕನೆಯ ಹಂತ: ಶೇಕಡಾವಾರನ್ನು ಬಿಡಿಸಿ ನೋಡುವುದು

‘ಶೇ 95ರಷ್ಟು ರಕ್ಷಣೆ’ ಎಂಬಂಥ ಮಾತು ಕಂಡ ಕೂಡಲೇ ಯಾರಲ್ಲಿ, ಎಷ್ಟರಿಂದ ಎಷ್ಟಕ್ಕೆ ಎಂದು ಕೇಳಬೇಕು. ದಕ್ಷಿಣ ಕನ್ನಡ, ಉಡುಪಿ ಎಂಬ ನಮ್ಮ ಎರಡು ಜಿಲ್ಲೆಗಳಿಗೆ ಮಳೆಗಾಲದಲ್ಲಿ ಹತ್ತಿರದ ವಿಷಯವಾದ ಇಲಿಜ್ವರವನ್ನೇ ತೆಗೆದುಕೊಳ್ಳೋಣ. ಪನಾಮಾದ ಕಾಡಿನಲ್ಲಿ ತರಬೇತಿಗೆ ಹೋದ ಅಮೆರಿಕದ 940 ಸೈನಿಕರಿಗೆ ವಾರಕ್ಕೊಮ್ಮೆ 200 ಮಿಲಿಗ್ರಾಂ ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯೋಟಿಕ್ ಇಲ್ಲವೇ ಹುಸಿಮಾತ್ರೆ ಕೊಟ್ಟ ಪ್ರಯೋಗ 1984ರಲ್ಲಿ ಪ್ರಕಟವಾಯಿತು. ಹುಸಿಮಾತ್ರೆಯ ಗುಂಪಿನಲ್ಲಿ 20 ಜನರಿಗೆ, ಎಂದರೆ ಶೇ 4.2 ಮಂದಿಗೆ ರೋಗ. ಔಷಧದ ಗುಂಪಿನಲ್ಲಿ ಒಬ್ಬರಿಗೆ, ಎಂದರೆ ಶೇ 0.2. ಶೇ 95ರಷ್ಟು ರಕ್ಷಣೆ ಎಂಬುದು ಇಲ್ಲಿಂದ ಬಂದದ್ದು. ಅದೇ ಔಷಧವನ್ನು ಉತ್ತರ ಅಂಡಮಾನಿನ 782 ಜನರಲ್ಲಿ ಪರೀಕ್ಷಿಸಿದಾಗ ಸೋಂಕು ತಗಲುವುದನ್ನು ಅದು ತಡೆಯಲಿಲ್ಲ, ಆದರೆ ರೋಗಲಕ್ಷಣ ಕಾಣಿಸಿಕೊಂಡವರ ಪ್ರಮಾಣ ಶೇ 6.82ರಿಂದ ಶೇ 3.11ಕ್ಕೆ ಇಳಿಯಿತು.

ಇನ್ನು ಪೆನ್ನು ಹಿಡಿಯಿರಿ. ಪನಾಮಾದಲ್ಲಿ ವ್ಯತ್ಯಾಸ ನೂರಕ್ಕೆ 4. ನೂರನ್ನು 4ರಿಂದ ಭಾಗಿಸಿದರೆ 25. ಒಬ್ಬರ ರೋಗ ತಡೆಯಲು 25 ಜನರಿಗೆ ಔಷಧ ಕೊಡಬೇಕಾಯಿತು ಎಂದು ಅರ್ಥ. ಅಂಡಮಾನಿನಲ್ಲಿ ವ್ಯತ್ಯಾಸ 3.71, ಹಾಗಾಗಿ 27. ರಕ್ಷಣೆ ಒಂದು ಕಡೆ ಶೇ 95, ಇನ್ನೊಂದು ಕಡೆ ಶೇ 54. ಆದರೂ ಚಿಕಿತ್ಸೆ ಕೊಡಬೇಕಾದವರ ಸಂಖ್ಯೆ ಹೆಚ್ಚುಕಡಿಮೆ ಒಂದೇ, ಏಕೆಂದರೆ ಅಂಡಮಾನಿನಲ್ಲಿ ರೋಗವೇ ಹೆಚ್ಚಿತ್ತು. ಇನ್ನು ಸಾವಿರಕ್ಕೊಬ್ಬರಿಗೆ ಮಾತ್ರ ಈ ರೋಗ ಬರುವಂಥ ಜಾಗವನ್ನು ಊಹಿಸಿಕೊಳ್ಳಿ, ಮಂಗಳೂರಿನ ಕದ್ರಿಯ ಫ್ಲ್ಯಾಟಿನಲ್ಲಿದ್ದು ಕೆಸರಿಗೆ ಕಾಲಿಡದವರು ಎಂದಿಟ್ಟುಕೊಳ್ಳಿ. ಅಂಡಮಾನಿನ ಶೇ 54ರ ಲೆಕ್ಕದಲ್ಲಿ ಒಬ್ಬರ ರೋಗ ತಡೆಯಲು ಸುಮಾರು 1,850 ಜನ ಮಾತ್ರೆ ನುಂಗಬೇಕು. ಹೊಟ್ಟೆಯುರಿ, ವಾಂತಿ, ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳ ಭಾರ ಆ 1,850 ಜನರ ಮೇಲೂ ಬೀಳುತ್ತದೆ. ಕಾಪು, ಬ್ರಹ್ಮಾವರದ ಗದ್ದೆಯಲ್ಲಿ ಒಡೆದ ಹಿಮ್ಮಡಿಯಲ್ಲಿ ನಾಟಿ ಮಾಡುವವರ ಲೆಕ್ಕ ಬೇರೆಯೇ. ಯಾರಿಗೆ ಕೊಡಬೇಕೆಂಬುದನ್ನು ವೈದ್ಯರೇ ನಿರ್ಧರಿಸಬೇಕು. ಪ್ರಶ್ನೆ ಎತ್ತಲು ಈ ಭಾಗಾಕಾರ ಸಾಕು.

ಐದನೆಯ ಹಂತ: ನಮ್ಮ ಮಂಚಕ್ಕೆ ಹೊಂದುತ್ತದೆಯೇ?

ಕ್ಯಾನುಲಾದ ಪುರಾವೆಯನ್ನು ನಮ್ಮಲ್ಲಿಗೆ ತರುವಾಗ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಮ್ಮ ವಾರ್ಡ್‌ನ ಗಾಳಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಬೆವರಿಗೆ ಪ್ಲಾಸ್ಟರಿನ ಅಂಚು ಸಂಜೆಯೊಳಗೆ ಏಳುತ್ತದೆ. ಎದ್ದ ಅಂಚಿನ ಕೆಳಗೆ ತೇವ ಸೇರುತ್ತದೆ, ಸಂಬಂಧಿಕರು ಅದರ ಮೇಲೆಯೇ ಇನ್ನೊಂದು ತುಂಡು ಪ್ಲಾಸ್ಟರ್ ಹಚ್ಚಿರುತ್ತಾರೆ. ‘ಲಕ್ಷಣ ಕಂಡಾಗ ಬದಲಿಸುವುದು’ ಎಂಬ ನಿಯಮದ ಒಳಗೆ ಬರೆಯದೆ ಬಿಟ್ಟ ಒಂದು ಷರತ್ತಿದೆ: ಪ್ರತಿ ಶಿಫ್ಟಿನಲ್ಲಿಯೂ ಯಾರಾದರೂ ಡ್ರೆಸ್ಸಿಂಗ್ ನೋಡಿ, ಮುಟ್ಟಿ, ಬರೆಯಬೇಕು. ರಾತ್ರಿ ಪಾಳಿಯಲ್ಲಿ ಒಬ್ಬರೇ ಸಿಸ್ಟರ್ ಇಡೀ ವಾರ್ಡನ್ನು ನೋಡಿಕೊಳ್ಳುವ ಕಡೆ ಆ ಷರತ್ತು ಈಡೇರುವುದಿಲ್ಲ. ಅಂಥ ಕಡೆ ದಿನ ಎಣಿಸಿ ಬದಲಿಸುವ ಹಳೆಯ ನಿಯಮವೇ ಸುರಕ್ಷಿತವಾಗಿರಬಹುದು ಎಂಬುದು ನನ್ನ ಅಭಿಪ್ರಾಯ. ಈ ಹಂತದಲ್ಲಿ ಇನ್‌ಚಾರ್ಜ್ ಸಿಸ್ಟರ್, ಡ್ಯೂಟಿ ಡಾಕ್ಟರ್ ಮತ್ತು ಸೋಂಕು ನಿಯಂತ್ರಣ ಸಮಿತಿಯವರನ್ನು ಕೂರಿಸಿಕೊಂಡು ಮಾತಾಡದೆ ಯಾರೂ ಸ್ವಂತ ನಿರ್ಧಾರಕ್ಕೆ ಹೋಗಬಾರದು. ಜೊತೆಗೆ, ಈ ಎರಡು ಆಯ್ಕೆಗಳಲ್ಲಿ ಯಾವುದೆಂದು ತೀರ್ಮಾನವಾಗುವವರೆಗೆ ಕಾಯದೆ ಮಾಡಬಹುದಾದ ಮೂರನೆಯದೊಂದಿದೆ: ಔಷಧವೆಲ್ಲ ಬಾಯಿಗೆ ಬದಲಾದ ಮೇಲೂ ‘ಇರಲಿ’ ಎಂದು ಉಳಿಸಿದ ಕ್ಯಾನುಲಾವನ್ನು ಅಂದೇ ತೆಗೆಯುವುದು.

ಆರನೆಯ ಹಂತ: ಬದಲಿಸಿದರೆ ಅಳೆಯುವುದು

ಉರಿಯೂತವನ್ನು ಅಳೆಯಲು ವಿಪ್ ಸ್ಕೋರ್ ಎಂಬ 0ಯಿಂದ 5ರವರೆಗಿನ ಅಳತೆಯಿದೆ. ನೋವು, ಕೆಂಪು, ಊತ ಇವುಗಳಲ್ಲಿ ಎರಡು ಕಂಡರೆ ಅಂಕ 2, ಆಗ ಕ್ಯಾನುಲಾ ತೆಗೆಯಬೇಕು. ಕಾಗದದ ಮೇಲೆ ಇದು ಸರಳ. ಆದರೆ ನೋವು ಉಂಟೇ ಎಂದು ಕೇಳಿದರೆ ಕುಂದಾಪುರದ ಹಿರಿಯರು ಊದಿದ ಕೈಯನ್ನೇ ಮುಂದಿಟ್ಟುಕೊಂಡು “ಅಡ್ಡಿ ಇಲ್ಲ” ಎನ್ನುತ್ತಾರೆ. ತುಳು ಆಡುವವರನ್ನು ತುಳುವಿನಲ್ಲಿಯೇ “ಬೇನೆ ಉಂಡಾ?” (ನೋವು ಇದೆಯೇ?) ಎಂದು ಕೇಳಿ, ನರದ ಮೇಲೆ ಮೆಲ್ಲಗೆ ಬೆರಳಿಟ್ಟು ಮುಖ ನೋಡಿದರೆ ಬೇರೆಯೇ ಉತ್ತರ ಸಿಗುತ್ತದೆ. ಕೇಳುವ ರೀತಿ ಎಲ್ಲ ಸಿಸ್ಟರುಗಳದ್ದೂ ಒಂದೇ ಆಗಿರಲಿ ಎಂದು ಮೊದಲ ವಾರ ಇಬ್ಬರು ಒಂದೇ ಕೈಯನ್ನು ಬೇರೆ ಬೇರೆಯಾಗಿ ನೋಡಿ ಅಂಕ ಬರೆದು ಹೋಲಿಸಬೇಕು.

ಎಣಿಕೆಯಲ್ಲಿ ನಾನೇ ಒಮ್ಮೆ ಮುಗ್ಗರಿಸಿದ್ದೇನೆ. ಜುಲೈಯಲ್ಲಿ ಉರಿಯೂತದ ಪ್ರಕರಣಗಳು ಫೆಬ್ರವರಿಗಿಂತ ಹೆಚ್ಚಾಗಿದ್ದನ್ನು ನೋಡಿ, ಮಳೆಗಾಲದ ತೇವವೇ ಕಾರಣವೆಂದು ಚಾರ್ಟ್ ಮಾಡಿ ಸಭೆಯಲ್ಲಿ ತೋರಿಸಿದೆ. ಆ ತಿಂಗಳು ವಾರ್ಡ್‌ನಲ್ಲಿ ಎಷ್ಟು ಜನ ಡ್ರಿಪ್ ಮೇಲಿದ್ದರು ಎಂದು ಹಿಂದಿನ ಸಾಲಿನಲ್ಲಿ ಕುಳಿತಿದ್ದ ಹಿರಿಯ ಸಿಸ್ಟರ್ ಒಬ್ಬರು ಕೇಳಿದರು. ಜ್ವರದ ಸೀಸನ್ ಅದು, ಹೆಚ್ಚುವರಿ ಮಂಚಗಳನ್ನು ವರಾಂಡದಲ್ಲಿ ಹಾಕಿದ್ದೆವು. ಪ್ರಕರಣಗಳನ್ನು ಎಣಿಸಿದ್ದ ನಾನು ಕೈಗಳನ್ನು ಎಣಿಸಿರಲಿಲ್ಲ. ಅಂದಿನಿಂದ ನಮ್ಮ ರಿಜಿಸ್ಟರಿನಲ್ಲಿ ಎರಡು ಕಾಲಂಗಳಿವೆ: ದಿನವೂ ಬೆಳಿಗ್ಗೆ ಕ್ಯಾನುಲಾ ಇರುವ ರೋಗಿಗಳು ಎಷ್ಟು, ಅಂದು ಉರಿಯೂತ ಕಂಡವರು ಎಷ್ಟು. ತಿಂಗಳ ಕೊನೆಗೆ ಮೊದಲ ಕಾಲಂ ಕೂಡಿಸಿದರೆ ಕ್ಯಾನುಲಾ ದಿನಗಳು ಸಿಗುತ್ತವೆ. ಸಾವಿರ ಕ್ಯಾನುಲಾ ದಿನಗಳಿಗೆ ಇಷ್ಟು ಎಂದು ಬರೆದರೆ ಮಾತ್ರ ಜುಲೈಯನ್ನು ಫೆಬ್ರವರಿಗೆ ಹೋಲಿಸಬಹುದು.

ಸ್ವಂತ ಅಧ್ಯಯನಕ್ಕೆ ಇಳಿಯುವವರಿಗೆ

ವಾರ್ಡ್‌ನ ಲೆಕ್ಕದಿಂದ ಮುಂದೆ ಹೋಗಿ ಎರಡು ಕ್ರಮಗಳನ್ನು ಹೋಲಿಸಿ ಅಧ್ಯಯನ ಮಾಡುವುದಾದರೆ, ಮಾರ್ಗದರ್ಶಕರ ಮುಂದೆ ಇಡಬೇಕಾದ ಮೊದಲ ಲೆಕ್ಕ ಮಾದರಿಯ ಗಾತ್ರದ್ದು. ನೂರಕ್ಕೆ 20 ಇರುವ ಉರಿಯೂತ 10ಕ್ಕೆ ಇಳಿಯುತ್ತದೆ ಎಂಬುದನ್ನು ಶೇ 80 ಸಾಮರ್ಥ್ಯದಿಂದ (ವ್ಯತ್ಯಾಸ ನಿಜವಾಗಿದ್ದರೆ ನೂರಕ್ಕೆ 80 ಸಲ ಕಾಣುವಂತೆ) ಗುರುತಿಸಲು ಗುಂಪಿಗೆ ಸುಮಾರು 200 ರೋಗಿಗಳು ಬೇಕು. ರೂಢಿಯಂತೆ 30 ಮತ್ತು 30 ತೆಗೆದುಕೊಂಡರೆ ವ್ಯತ್ಯಾಸ ನಿಜವಾಗಿ ಇದ್ದರೂ ಕಾಣದೆ ಹೋಗುವ ಸಂಭವವೇ ಹೆಚ್ಚು. ಆಗ ‘ವ್ಯತ್ಯಾಸವಿಲ್ಲ’ ಎಂದು ಬರೆಯುವುದು ತಪ್ಪಾಗುತ್ತದೆ. ಅಷ್ಟು ರೋಗಿಗಳು ಒಬ್ಬರಿಗೆ ಸಿಗದಿದ್ದರೆ ಇಬ್ಬರು ಮೂವರು ಸಹಪಾಠಿಗಳು ಒಂದೇ ವಿಧಾನದಿಂದ ಬೇರೆ ಬೇರೆ ವಾರ್ಡ್‌ಗಳಲ್ಲಿ ಕೆಲಸ ಮಾಡಬಹುದು, ಇದಕ್ಕೆ ವಿಭಾಗದ ಒಪ್ಪಿಗೆ ಮೊದಲೇ ಬೇಕು.

ಸಂಸ್ಥೆಯ ನೈತಿಕ ಸಮಿತಿಯ ಅನುಮತಿ ದಾಖಲಾತಿ ಆರಂಭಿಸುವ ಮೊದಲು ಕೈಯಲ್ಲಿರಬೇಕು. ಅರ್ಜಿ ಬರೆಯಲು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಸಾಕಷ್ಟು ಸ್ಪಷ್ಟವಾಗಿದೆ. ಕ್ಲಿನಿಕಲ್ ಪ್ರಯೋಗವಾದರೆ 2007ರಲ್ಲಿ ಆರಂಭವಾದ ಭಾರತದ ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿಯಲ್ಲಿ ಮೊದಲ ರೋಗಿಯನ್ನು ಸೇರಿಸುವ ಮುಂಚೆಯೇ ನೋಂದಾಯಿಸಬೇಕು, ಇದಕ್ಕೆ ಶುಲ್ಕವಿಲ್ಲ. ಯಾವ ಫಲವನ್ನು ಅಳೆಯುತ್ತೇವೆ ಎಂದು ಅಲ್ಲಿ ಮೊದಲೇ ಬರೆದಿರುವುದರಿಂದ, ಫಲಿತಾಂಶ ಬಂದ ಮೇಲೆ ಗುರಿ ಬದಲಿಸುವ ಆಸೆಗೆ ಕಡಿವಾಣ ಬೀಳುತ್ತದೆ.

ಒಪ್ಪಿಗೆ ಪತ್ರದ ಭಾಷೆಯ ಬಗ್ಗೆ ಒಂದು ಮಾತು. ಇಂಗ್ಲಿಷ್‌ನಿಂದ ಕನ್ನಡಕ್ಕೆ ಇಳಿಸಿ, ಪ್ರಮಾಣಪತ್ರ ಪಡೆದು ಲಗತ್ತಿಸಿದ ಹಾಳೆಯಲ್ಲಿ ‘ಯಾದೃಚ್ಛಿಕವಾಗಿ ನಿಯೋಜಿಸಲಾಗುವುದು’ ಎಂದಿದ್ದರೆ ಮನೆಯಲ್ಲಿ ತುಳು, ಬ್ಯಾರಿ, ಕೊಂಕಣಿ ಆಡುವವರಿಗೆ ಮಾತ್ರವಲ್ಲ, ಕನ್ನಡದ ಮೇಷ್ಟ್ರಿಗೂ ಅರ್ಥವಾಗುವುದು ಕಷ್ಟ. “ನಿಮಗೆ ಯಾವ ಕ್ರಮ ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸುತ್ತೇವೆ, ನಾವಾಗಲಿ ನೀವಾಗಲಿ ಆರಿಸುವಂತಿಲ್ಲ, ಬೇಡವೆಂದರೂ ನಿಮ್ಮ ಚಿಕಿತ್ಸೆಗೆ ಏನೂ ಕಡಿಮೆಯಾಗುವುದಿಲ್ಲ” ಎಂದು ಬರೆದು, ಓದಿ ಹೇಳಿ, ಏನು ತಿಳಿಯಿತೆಂದು ಅವರ ಬಾಯಿಯಿಂದಲೇ ಹೇಳಿಸಿಕೊಂಡ ಬಳಿಕ ಸಹಿ ಅಥವಾ ಹೆಬ್ಬೆಟ್ಟು ಪಡೆಯಬೇಕು. ಹೆಬ್ಬೆಟ್ಟಿನ ಬಳಿ ಅಧ್ಯಯನಕ್ಕೆ ಸಂಬಂಧಪಡದ ಸಾಕ್ಷಿಯೊಬ್ಬರ ಸಹಿಯೂ ಇರಬೇಕು. ಇಂಕ್ ಪ್ಯಾಡಿನ ಜೊತೆ ಹತ್ತಿ ಮತ್ತು ಸ್ಪಿರಿಟ್ ಒಯ್ಯುವುದನ್ನು ಮರೆಯಬೇಡಿ; ಕ್ಯಾನುಲಾ ಹಾಕಿದ ಕೈಯಲ್ಲಿ ಹೆಬ್ಬೆಟ್ಟು ಒತ್ತಿಸಬೇಡಿ.